ಓದುಗರ ಪ್ರಶ್ನೆ: ಮಕ್ಕಳನ್ನು ಗುಡ್ಡೆಗೆ ಕರೆದೊಯ್ಯುವ ಮುನ್ನ

ಪ್ರಶ್ನೆ: ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಕ್ಕಳು ರಜೆಯಲ್ಲಿ ‘ಫಾರೆಸ್ಟ್ ಸ್ಕೂಲ್’ ಶಿಬಿರಕ್ಕೆ ಹೋಗಿ ಬೆಂಕಿ ಹೊತ್ತಿಸುವುದು, ಬಿಡಾರ ಕಟ್ಟುವುದು ಮುಂತಾದವನ್ನು ಕಲಿತು ಬಂದಿದ್ದಾರೆ. ನಮ್ಮ ಮನೆಯ ಹಿಂದೆಯೇ ಗುಡ್ಡೆಯಿದ್ದರೂ ಎಂಟು ಮತ್ತು ಹತ್ತು ವರ್ಷದ ನನ್ನ ಮಕ್ಕಳಿಗೆ ಇದೊಂದೂ ತಿಳಿಯದು. ಮನೆಯಲ್ಲಿಯೇ ಕಲಿಸಬಹುದೇ? ಎಲ್ಲಿಂದ ತೊಡಗಬೇಕು?
— ಒಬ್ಬ ತಾಯಿ, ಬದಿಯಡ್ಕ

ಉತ್ತರ: ಖಂಡಿತವಾಗಿಯೂ ಕಲಿಸಬಹುದು. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಚಿಕ್ಕ ಮಕ್ಕಳನ್ನು ದಿನವೂ ಕಾಡಿಗೆ ಕರೆದೊಯ್ಯುವ ಶಿಶುವಿಹಾರಗಳು ಆರಂಭವಾದವು. 1993ರಲ್ಲಿ ಇಂಗ್ಲೆಂಡಿನ ಬ್ರಿಜ್‌ವಾಟರ್ ಕಾಲೇಜಿನವರು ಅವುಗಳನ್ನು ನೋಡಿ ಬಂದು ತಮ್ಮಲ್ಲಿ ಆರಂಭಿಸಿದ ಪ್ರಯೋಗವೇ ಇಂದು ಫಾರೆಸ್ಟ್ ಸ್ಕೂಲ್ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿದೆ. ಅದರ ತಿರುಳು ಬೆಂಕಿಯಲ್ಲಿಯೂ ಇಲ್ಲ, ಚಾಕುವಿನಲ್ಲಿಯೂ ಇಲ್ಲ. ಒಂದೇ ಜಾಗಕ್ಕೆ ವಾರವಾರವೂ, ಎಲ್ಲ ಋತುಗಳಲ್ಲಿಯೂ ಮರಳಿ ಹೋಗಿ, ಯಾವ ಆಟ ಆಡಬೇಕೆಂಬುದನ್ನು ಮಕ್ಕಳೇ ನಿರ್ಧರಿಸುವುದರಲ್ಲಿದೆ. ಮೂರು ದಿನಗಳ ಶಿಬಿರವು ಕೊಡಲಾರದ ಈ ಅವಕಾಶವನ್ನು ನಿಮ್ಮ ಮನೆಯ ಹಿಂದಿನ ಗುಡ್ಡೆ ಕೊಡಬಲ್ಲದು.

ದಾರಿ ತಪ್ಪಿದಾಗ ಏನು ಮಾಡಬೇಕೆಂಬುದೇ ಮೊದಲ ಪಾಠವಾಗಲಿ. ದಾರಿ ತಪ್ಪಿತೆಂದು ಅನಿಸಿದೊಡನೆ ಮಗು ಅಲೆಯುವುದನ್ನು ಬಿಟ್ಟು, ಹತ್ತಿರದ ಒಂದು ಮರವನ್ನು ಗುರುತು ಮಾಡಿಕೊಂಡು ಅಲ್ಲಿಯೇ ಉಳಿಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1981ರಲ್ಲಿ ಕಾಡಿನಲ್ಲಿ ಕಳೆದುಹೋದ ಬಾಲಕನೊಬ್ಬನು ತೀರಿಕೊಂಡ ಮೇಲೆ, ಅವನನ್ನು ಹುಡುಕಲು ಹೋಗಿದ್ದವರೇ ಮಕ್ಕಳಿಗೆ ಈ ಪಾಠವನ್ನು ಹೇಳಿಕೊಡತೊಡಗಿದರು. ನಡೆಯುತ್ತಲೇ ಇರುವ ಮಗು, ಹುಡುಕಿ ಮುಗಿಸಿದ ಜಾಗಕ್ಕೆ ಮತ್ತೆ ಹೋಗಿಬಿಡಬಹುದು. ನಿಂತಲ್ಲಿಯೇ ನಿಂತ ಮಗು ಬೇಗ ಸಿಗುತ್ತದೆ. ಪ್ರತಿ ಮಗುವಿನ ಕೊರಳಿಗೂ ಒಂದು ಸೀಟಿಯನ್ನು ಕಟ್ಟಿ, ಮೂರು ಬಾರಿ ಊದಿದರೆ ‘ಬನ್ನಿ’ ಎಂದರ್ಥವೆಂದು ಗೊತ್ತುಮಾಡಿ, ಅದನ್ನು ಕಣ್ಣಾಮುಚ್ಚಾಲೆಯೊಂದಿಗೆ ಸೇರಿಸಿ ಆಡಿಸಿರಿ. ಕೂಗಿ ಕೂಗಿ ಗಂಟಲು ಸೋತ ಮೇಲೂ ಸೀಟಿ ಕೇಳಿಸುತ್ತದೆ.

ಮಿಂಚಿನ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕು, ಏಕೆಂದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕಾಡುಪ್ರಾಣಿಗಿಂತ ಹೆಚ್ಚಾಗಿ ನಾನು ಅಂಜುವುದು ಅದಕ್ಕೆ. ಬೇಸಗೆಯ ಕೊನೆಯಲ್ಲಿ ಮತ್ತು ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಏಳುವುದು ಇಲ್ಲಿ ವಾಡಿಕೆ. ಮುರಕಲ್ಲಿನ ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಸಮತಟ್ಟಾದ ಬಯಲಿನಲ್ಲಿ, ಮರಗಳು ವಿರಳವಾದ ಕಾರಣ, ಅಲ್ಲಿ ಆಡುವ ಮಗುವೇ ಸುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತುವಾಗಬಹುದು. ಗುಡುಗು ಕಿವಿಗೆ ಬಿತ್ತೆಂದರೆ ಮಿಂಚು ಬಡಿಯುವಷ್ಟು ಹತ್ತಿರದಲ್ಲಿದೆ ಎಂದೇ ಭಾವಿಸಿ, ಆಟವನ್ನು ಅರ್ಧಕ್ಕೆ ನಿಲ್ಲಿಸಿ, ಮನೆಯನ್ನೋ ಬಾಗಿಲು ಮುಚ್ಚಿದ ಕಾರನ್ನೋ ಸೇರಬೇಕು. ಕೊನೆಯ ಗುಡುಗು ಕೇಳಿಸಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಒಂಟಿ ಮರದ ಬುಡ ಆಶ್ರಯವಲ್ಲವೆಂಬುದನ್ನು ಮಕ್ಕಳ ಬಾಯಿಯಿಂದಲೇ ಹೇಳಿಸಿರಿ.

ಕಲ್ಲು ಕಡಿದು ಬಿಟ್ಟ ಕೋರೆಗಳು ಇನ್ನೊಂದು ಅಪಾಯ. ಗೋಡೆಯಂತೆ ನೆಟ್ಟಗೆ ಕಡಿದ ಅವುಗಳ ಬದಿಗಳಲ್ಲಿ ಕಾಲೂರಲು ಮೆಟ್ಟಿಲಿಲ್ಲ, ಮಳೆಗಾಲದಲ್ಲಿ ನೀರು ತುಂಬಿದರೆ ಆಳವೂ ತಿಳಿಯುವುದಿಲ್ಲ. ನೀರಿಗಾಗಿ ಗುಡ್ಡೆಯ ಬದಿಯಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ಬಾಯಿಯಲ್ಲಿ ನಿಂತು ನೀರು ಒಸರುವುದನ್ನು ತೋರಿಸಿರಿ; ಒಳಗೆ ಗಾಳಿ ಸಾಲದಿರಬಹುದು, ಮಣ್ಣು ಕುಸಿಯಲೂಬಹುದು, ಆದುದರಿಂದ ಒಳಕ್ಕೆ ಬಿಡಬೇಡಿರಿ.

ಇಷ್ಟಾದ ಮೇಲೆ ಬಿಡಾರದ ಆಟ. ಒಣಗಿದ ತೆಂಗಿನ ಮಡಲು, ಅಡಕೆಯ ಹಾಳೆ, ಕಾಡುಬಳ್ಳಿ ಇವಿಷ್ಟನ್ನು ರಾಶಿ ಹಾಕಿ ಮಕ್ಕಳನ್ನು ಅವರ ಪಾಡಿಗೆ ಬಿಡಿರಿ. ತೋಡಿನ ದಡದಲ್ಲಿ ಮತ್ತು ತೆಂಗಿನ ಮರದ ಅಡಿಯಲ್ಲಿ ಕಟ್ಟಬಾರದೆಂಬ ಎರಡು ನಿಯಮಗಳು ಸಾಕು. ಮಾಡು ಸೋರಿದರೆ, ಮಡಲನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಬರುವಂತೆ ಹೊದೆಸಬೇಕೆಂಬುದನ್ನು ಅವರೇ ಕಂಡುಕೊಳ್ಳಲಿ. ದಯವಿಟ್ಟು ನೀವು ಕೈ ಹಾಕಿ ಸರಿಪಡಿಸಬೇಡಿರಿ.

ಪ್ರಶ್ನೆ: ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ವಾರಕ್ಕೊಂದು ಅವಧಿ ಇಂತಹ ಚಟುವಟಿಕೆ ನಡೆಸುವ ಆಸೆಯಿದೆ. ಕತ್ತಿ ಮತ್ತು ಬೆಂಕಿಯನ್ನು ಮಕ್ಕಳ ಕೈಗೆ ಕೊಡಬಹುದೇ? ಅರಣ್ಯ ಇಲಾಖೆಯ ಅನುಮತಿ ಬೇಕೇ?
— ಒಬ್ಬ ಅಧ್ಯಾಪಕರು, ಮುಳ್ಳೇರಿಯ

ಉತ್ತರ: ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದಾಗಲಿ ಬೆಂಕಿ ಹಾಕುವುದಾಗಲಿ 1961ರ ಕೇರಳ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಶಾಲೆಯ ಹಿತ್ತಿಲು ಅಥವಾ ಹೆತ್ತವರೊಬ್ಬರ ಗೇರುತೋಟ, ಅದೂ ಲಿಖಿತ ಒಪ್ಪಿಗೆಯೊಂದಿಗೆ, ನಿಮಗೆ ಧಾರಾಳವಾಯಿತು. ಕಾರಡ್ಕ, ಮುಳಿಯಾರು ಕಡೆ ಈಚಿನ ವರ್ಷಗಳಲ್ಲಿ ಚಿರತೆ ಕಾಣಿಸಿಕೊಂಡಿರುವುದರಿಂದ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬಿಸಿಲಿರುವಾಗಲೇ ಮುಗಿಸಿರಿ.

ಕತ್ತಿಯ ಬಗ್ಗೆ ನನಗೆ ಸಂಕೋಚವಿಲ್ಲ. ಮೊದಲು ತರಕಾರಿಯ ಸಿಪ್ಪೆ ತೆಗೆಯುವ ಸಾಧನದಿಂದ ಹಸಿ ಕೋಲಿನ ತೊಗಟೆ ಸುಲಿಯಲಿ. ಚಾಕು ಹಿಡಿಯುವ ಮಗು ಕುಳಿತೇ ಇರಬೇಕು. ಚಾಚಿದ ಕೈ ಸುತ್ತ ತಿರುಗಿದಷ್ಟು ದೂರದಲ್ಲಿ ಯಾರೂ ಇರಬಾರದು. ಅಲಗು ಮೈಯಿಂದ ಆಚೆಗೆ ಸಾಗಬೇಕು. ಆರಂಭದ ವಾರಗಳಲ್ಲಿ ಒಬ್ಬ ಮಗುವಿಗೆ ಒಬ್ಬ ಹಿರಿಯರು ಜೊತೆಗಿರಲಿ. ಬೆಂಕಿಗೆ ಮಾತ್ರ ಕಾಲ ನೋಡಬೇಕು. ಜನವರಿಯಿಂದ ಮಳೆ ಬರುವವರೆಗೆ ಪದವಿನ ಮುಳಿಹುಲ್ಲು ಒಂದು ಕಿಡಿಗಾಗಿ ಕಾದಿರುತ್ತದೆ, ಆ ತಿಂಗಳುಗಳಲ್ಲಿ ಬೆಂಕಿಯ ಪಾಠ ಬೇಡವೇ ಬೇಡ. ಉಳಿದ ಕಾಲದಲ್ಲಿ, ಗುಡಿಸಿದ ಬರಿ ನೆಲದಲ್ಲಿ, ಕಡ್ಡಿ ಗೀರುವ ಮೊದಲೇ ಬಕೆಟ್ಟಿನಲ್ಲಿ ನೀರು ತಂದಿಟ್ಟು, ಕೂದಲನ್ನು ಹಿಂದಕ್ಕೆ ಕಟ್ಟಿಸಿ, ತೆಂಗಿನ ನಾರಿನಿಂದ ಹೊತ್ತಿಸಲು ಕಲಿಸಿರಿ. ಆರಿಸುವ ಕೆಲಸವನ್ನೂ ಮಕ್ಕಳೇ ಮಾಡಲಿ. ನೀರು ಹೊಯ್ದು ಕದಡಿ, ಬೂದಿಯ ಮೇಲೆ ಹಿಡಿದ ಅಂಗೈಗೆ ಶಾಖ ತಾಗದಿದ್ದರೆ ಮಾತ್ರ ಅಲ್ಲಿಂದ ಏಳಬಹುದು.

ಪ್ರಶ್ನೆ: ಹಾವಿನ ಭಯದಿಂದ ನಾನು ಮೊಮ್ಮಕ್ಕಳನ್ನು ಗುಡ್ಡೆಗೆ ಬಿಡುವುದಿಲ್ಲ. ಇದು ತಪ್ಪೇ?
— ಒಬ್ಬ ಅಜ್ಜ, ಪೆರ್ಲ

ಉತ್ತರ: ತಮ್ಮ ಕಾಳಜಿ ನ್ಯಾಯವಾದದ್ದೇ. ಆದರೆ ಹಾವು ತೋಟದಲ್ಲಿಯೂ ಕಟ್ಟಿಗೆಯ ರಾಶಿಯಲ್ಲಿಯೂ ಇರುವುದರಿಂದ, ತಡೆಯುವುದಕ್ಕಿಂತ ಕಲಿಸುವುದೇ ಮಕ್ಕಳಿಗೆ ಹೆಚ್ಚಿನ ರಕ್ಷಣೆ. ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬಾರದು, ತರಗೆಲೆಯ ಮೇಲೆ ನಡೆಯುವಾಗ ಕೋಲಿನಿಂದ ತಟ್ಟಬೇಕು, ಬೂಟು ಹಾಕಿರಬೇಕು, ಹಾವು ಕಂಡರೆ ನಿಂತು ಹಿಂದೆ ಸರಿಯಬೇಕು.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕೈಕಾಲನ್ನು ಅಲುಗಿಸದೆ, ಮಗುವನ್ನು ನಡೆಸದೆ ಎತ್ತಿಕೊಂಡು, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಹಾವನ್ನು ಹಿಡಿದು ಒಯ್ಯಲು ಹೊರಟು ಸಮಯ ಕಳೆಯಬೇಡಿರಿ. ನಮ್ಮ ದೇಶದ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಾಗುತ್ತದೆ. ಮೂಗಿನ ತುದಿ ಮೇಲಕ್ಕೆದ್ದಿರುವ ಒಂದು ಸಣ್ಣ ಮಂಡಲ ಹಾವೂ ನಮ್ಮ ತೋಟಗಳಲ್ಲಿದೆ. ಅದರ ವಿಷಕ್ಕೆ ಈ ಮದ್ದು ನಾಟುವುದಿಲ್ಲವಾದರೂ ಮೂತ್ರಪಿಂಡವನ್ನು ಕಾಪಾಡಲು ಆಸ್ಪತ್ರೆಯ ಆರೈಕೆ ಬೇಕೇ ಬೇಕು. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ಹಾವು ಹಿಡಿಯುವ ತರಬೇತಾದವರ ಮತ್ತು ಆಸ್ಪತ್ರೆಗಳ ವಿವರ ಸಿಗುತ್ತದೆ. ಇಂದೇ ನೋಡಿ ಬರೆದಿಡಿರಿ.

ಪ್ರಶ್ನೆ: ಗುಡ್ಡೆಯ ಹಣ್ಣುಗಳನ್ನು ಮಕ್ಕಳು ತಿನ್ನಬಹುದೇ?
— ಒಬ್ಬ ಓದುಗರು, ಮಂಜೇಶ್ವರ

ಉತ್ತರ: ಕೇಪಳ, ಕುಂಟಲ, ನೇರಳೆ, ನೆಲ್ಲಿ, ಪುನರ್ಪುಳಿ ಇವನ್ನು ಬಲ್ಲ ಹಿರಿಯರು ಗಿಡದ ಬುಡದಲ್ಲಿ ನಿಂತು ತೋರಿಸಿಕೊಡಲಿ. ‘ಹಕ್ಕಿ ತಿಂದದ್ದನ್ನು ನಾವೂ ತಿನ್ನಬಹುದು’ ಎಂಬ ಮಾತನ್ನು ನಂಬಬಾರದು. ಕಾಸರಕದ ಹಣ್ಣು ಕಿತ್ತಳೆಯಂತೆ ಕಣ್ಸೆಳೆದರೂ ಅದರ ಬೀಜದಲ್ಲಿರುವ ಸ್ಟ್ರಿಕ್ನಿನ್ ಪ್ರಾಣ ತೆಗೆಯಬಲ್ಲದು. ಗುಲಗಂಜಿಯನ್ನು ಜಗಿದರೂ ಅಪಾಯವೇ. ಚೇರೆ ಮರದ ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದ ನೋವನ್ನು ಉಂಡ ಜಿಲ್ಲೆ ನಮ್ಮದು. ಆದುದರಿಂದ ಯಾರದೇ ತೋಟದಿಂದ ಹಣ್ಣು ಕೊಯ್ಯುವ ಮೊದಲು ಅಲ್ಲಿ ಏನನ್ನು, ಯಾವಾಗ ಸಿಂಪಡಿಸಿದ್ದಾರೆಂದು ಕೇಳುವುದನ್ನೂ ಮಕ್ಕಳಿಗೆ ಕಲಿಸಿರಿ.