ಹಾಡಿನ ಜತೆಗೆ ಕಾರಣವನ್ನೂ ಕಳಿಸಲಿ ಬಿಡಿ

ಚಿಂತಾಮಣಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಅವರ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳು ವಾರಕ್ಕೊಂದು ಹಾಡು ಹಾಕುತ್ತಾಳೆ. ಈಗ ಅದನ್ನು ಯಾಕೆ ಕೇಳುತ್ತಿದ್ದೇನೆ, ಎಲ್ಲಿ ಕಿವಿಗೊಡಬೇಕು ಎಂದು ಕೆಳಗೆ ಹತ್ತು ಸಾಲು ಬರೆಯುತ್ತಾಳೆ. ಮೇಷ್ಟ್ರಿಗೆ ಇದು ಹಿಡಿಸಿಲ್ಲ. “ಸಂಗೀತ ಇರುವುದು ಕೇಳುವುದಕ್ಕೆ. ಸಕ್ಕರೆ ಕೈಗಿತ್ತು ಸಿಹಿಯ ಬಗ್ಗೆ ಪಾಠ ಹೇಳಬೇಕೆ? ನಮ್ಮ ಕಾಲದಲ್ಲಿ ಯಾರೂ ಹೀಗೆ ವಿವರಿಸುತ್ತಿರಲಿಲ್ಲ. ಇದು ಪಾಂಡಿತ್ಯದ ಪ್ರದರ್ಶನವಲ್ಲವೆ?” ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಮಾತಿನಲ್ಲಿ ಒಪ್ಪತಕ್ಕದ್ದು ಇದೆ. ಕಛೇರಿಯಲ್ಲಿ ಆಲಾಪನೆ ಶುರುವಾದ ಕೂಡಲೇ ಪಕ್ಕದವರ ಕಿವಿಯಲ್ಲಿ ರಾಗದ ಹೆಸರು ಪಿಸುಗುಟ್ಟುವವರಿಂದ ಕೇಳುವವರಿಗೂ ಹಾಡುವವರಿಗೂ ಕಷ್ಟವೇ. ಮೊದಲ ಸಲ ಕೇಳುವಾಗ ಸುಮ್ಮನಿರುವುದು ಸರಿ. ಉಳಿದದ್ದರಲ್ಲಿ ನಾವು ನಿಮ್ಮ ಶಿಷ್ಯೆಯ ಕಡೆ.

ಸಕ್ಕರೆ ನಾಲಿಗೆಗೆ ತಾಕಿದ ಕ್ಷಣವೇ ಸಿಹಿ. ನಲವತ್ತು ನಿಮಿಷದ ಕೃತಿ ಹಾಗಲ್ಲ. ಬರೀ ಲಿಂಕು ಬಂದರೆ ಜನ ಮೊದಲ ಅರ್ಧ ನಿಮಿಷ ಕೇಳುತ್ತಾರೆ. ಅಲ್ಲಿ ಇನ್ನೂ ಶ್ರುತಿ ಸೇರಿಸುವುದು, ಗಂಟಲು ಸರಿಮಾಡಿಕೊಳ್ಳುವುದು ನಡೆದಿರುತ್ತದೆ. ಹೆಬ್ಬೆಟ್ಟಿನ ಚಿತ್ರವೊಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಅವರು ಅರಸಿಕರೆಂದಲ್ಲ, ಯಾವ ಜಾಗಕ್ಕೆ ಕಾಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

‘ಕೃಷ್ಣಾ ನೀ ಬೇಗನೆ ಬಾರೋ’ ತೆಗೆದುಕೊಳ್ಳಿ. ವ್ಯಾಸರಾಯರ ರಚನೆ. ಅವರಿಗೆ ಪಾಠ ಹೇಳಿದವರು ನಿಮ್ಮ ನೆರೆಯ ಮುಳಬಾಗಿಲಿನ ಶ್ರೀಪಾದರಾಜರು. ಸಾಮಾನ್ಯವಾಗಿ ಹಾಡುವುದು ಯಮುನಾಕಲ್ಯಾಣಿಯಲ್ಲಿ, ಮಿಶ್ರಛಾಪು ತಾಳಕ್ಕೆ. ಇಷ್ಟು ಬರೆದರೆ ಹಾಡಿನ ವಿಳಾಸ ಸಿಕ್ಕಿತು. ಕಾರಣ ಬೇರೆ: ಪ್ರತಿಮಧ್ಯಮದಲ್ಲೇ, ಅಂದರೆ ಏರಿದ ‘ಮ’ ಸ್ವರದಲ್ಲೇ, ನಡೆಯುವ ರಾಗಕ್ಕೆ ಆಗೊಮ್ಮೆ ಈಗೊಮ್ಮೆ ಶುದ್ಧಮಧ್ಯಮ ಎಂಬ ಇಳಿದ ‘ಮ’ ಬಂದು ಹೋಗುತ್ತದೆ, ಆ ಗಳಿಗೆಗೆ ಕರೆಯುವ ದನಿಯಲ್ಲಿ ಮುದ್ದು ಹೆಚ್ಚುತ್ತದೆ. ಮೂರು, ನಾಲ್ಕು ಎಂದು ಒಡೆದ ಏಳಕ್ಷರದ ತಾಳ ಮಗುವಿನ ಹಿಂದೆ ಹೆಜ್ಜೆ ಹಾಕಿದಂತಿರುತ್ತದೆ. ಇದನ್ನು ಒಬ್ಬರು ಎರಡು ಸಾಲಿನಲ್ಲಿ ಬರೆದುಕೊಟ್ಟರೆ, ನೂರು ಸಲ ಕೇಳಿದ ಹಾಡನ್ನೂ ಇನ್ನೊಮ್ಮೆ ಹಾಕಿ ಕೇಳಬೇಕೆನಿಸುತ್ತದೆ. ಇದರಲ್ಲಿ ಪ್ರದರ್ಶನ ಎಲ್ಲಿದೆ?

ಇನ್ನು ‘ನಮ್ಮ ಕಾಲದಲ್ಲಿ’ ಎಂಬ ಮಾತು. ಮೇಷ್ಟ್ರೇ, ಇದನ್ನು ಒಪ್ಪಲಾಗದು. ನಿಮ್ಮ ಕಾಲದಲ್ಲಿ ಹಾಡು ಒಂಟಿಯಾಗಿ ಬರುತ್ತಲೇ ಇರಲಿಲ್ಲ. ಅದಕ್ಕೂ ಬಹಳ ಹಿಂದೆ, 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣವಾದಾಗ ಗಾಯಕಿ ಗೌಹರ್ ಜಾನ್ ಮೂರು ನಿಮಿಷದ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ಗ್ರಾಮಫೋನ್ ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಆ ಗಾಯಕಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಂಪನಿ ನಾಟಕದ ಹಾಡಿನ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳ, ಅದೂ ಸಾಲದಿದ್ದರೆ ‘ಇಂಥ ಹಾಡಿನ ಮಟ್ಟು’, ಅಂದರೆ ಧಾಟಿ, ಎಂದು ಅಚ್ಚಾಗಿರುತ್ತಿತ್ತು. ಆಕಾಶವಾಣಿಯ ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ನಾಲ್ಕನ್ನೂ ಹೇಳಿದ ಮೇಲೇ ಹಾಡು ಹಾಕುತ್ತಿದ್ದರು. ನಿಮ್ಮ ಪೀಳಿಗೆಯ ಕಿವಿ ತಯಾರಾದದ್ದು ಆ ನಾಲ್ಕು ಮಾತಿನಿಂದ. ನಿಮ್ಮ ಶಿಷ್ಯೆ ಅದೇ ಉದ್ಘೋಷಕರ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದಾಳೆ.

ಆಕೆಗೂ, ಅವಳಂತೆ ಬರೆಯಲು ಬಯಸುವವರಿಗೂ ಕೆಲವು ಮಾತು.

ದಾಸರ ಪದವಾದರೆ ಯಾರು ಹಾಡಿದ್ದು, ಯಾವ ರಾಗ ಎಂದು ಬರೆಯಲೇಬೇಕು. ಹೆಚ್ಚಿನ ಪದಗಳ ಮೂಲ ಧಾಟಿ ಉಳಿದಿಲ್ಲ. ಈಗ ಕೇಳುವ ರಾಗಗಳು ಬಹುಮಟ್ಟಿಗೆ ಈಚಿನವರು ಹಾಕಿದವು, ಒಂದೇ ಪದ ನಾಲ್ಕು ರಾಗದಲ್ಲಿ ಸಿಗುತ್ತದೆ. ರಾಗದ ಹೆಸರು ಬರೆದರೆ ಕರ್ನಾಟಕವೋ ಹಿಂದುಸ್ತಾನಿಯೋ ಎಂದೂ ಸೇರಿಸಿ. ನಮ್ಮ ಹಿಂದೋಳವೇ ಅವರ ಮಾಲಕೌಂಸ್, ಅವರ ಹಿಂಡೋಲ್ ಬೇರೆಯೇ ರಾಗ. ನಮ್ಮ ತೋಡಿ ಅವರ ತೋಡಿಯಲ್ಲ, ಅವರ ತೋಡಿಗೆ ಹತ್ತಿರದ್ದು ನಮ್ಮ ಶುಭಪಂತುವರಾಳಿ. ಭೈರವಿಯಲ್ಲೂ ಇದೇ ಗೊಂದಲ. ಯೂಟ್ಯೂಬಿನಲ್ಲಿ ತಪ್ಪು ಹೆಸರುಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ರಾಗ ಗೊತ್ತಿಲ್ಲದಿದ್ದರೆ ಊಹಿಸಬೇಡಿ. “ಎರಡನೆಯ ಚರಣದಲ್ಲಿ ಮೃದಂಗ ನಿಂತು ಪಿಟೀಲು ಒಂಟಿಯಾಗುತ್ತದೆ, ಅಲ್ಲಿ ಕೇಳಿ” ಎಂದರೆ ಸಾಕು. ಅದಕ್ಕೆ ಶಾಸ್ತ್ರ ಬೇಕಿಲ್ಲ, ಕಿವಿ ಬೇಕು. ‘ಅದ್ಭುತ’, ‘ಸೂಪರ್’ ಎಂಬ ಮಾತುಗಳನ್ನು ಮಾತ್ರ ಬಿಟ್ಟುಬಿಡಿ, ಅವು ಯಾವ ಹಾಡಿಗೂ ಅಂಟುತ್ತವೆ.

ನಿಮಿಷ ಬರೆಯಿರಿ. ಕಂಪ್ಯೂಟರಿನಲ್ಲಿ ಯೂಟ್ಯೂಬಿನ ಶೇರ್ ಒತ್ತಿದರೆ ಇಂಥ ಸಮಯದಿಂದ ಶುರುವಾಗಲಿ ಎನ್ನುವ ಚಿಕ್ಕ ಚೌಕವಿರುತ್ತದೆ. ಅದನ್ನು ಗುರುತು ಮಾಡಿದರೆ ಲಿಂಕು ನೇರ ಆ ಜಾಗಕ್ಕೆ ಕರೆದೊಯ್ಯುತ್ತದೆ. ಫೋನಿನಲ್ಲಿ ಅದು ಕಾಣದಿದ್ದರೆ ‘14 ನಿಮಿಷ 30 ಸೆಕೆಂಡಿಗೆ ನೆರವಲ್’ ಎಂದು ಕೈಯಲ್ಲೇ ಬರೆದರಾಯಿತು. ನೆರವಲ್ ಎಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು.

ಆಂಧ್ರಕ್ಕೆ ಅಂಟಿದ ನಮ್ಮ ಗಡಿ ಸೀಮೆಗೆ ಇನ್ನೊಂದು ಕೆಲಸವಿದೆ. ಸಂತಕವಿ ಕೈವಾರ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ತೆಲುಗು ಕೀರ್ತನೆ ಕಳಿಸುವಾಗ ಪಲ್ಲವಿಯ ಭಾವವನ್ನು ಒಂದು ಸಾಲು ಕನ್ನಡದಲ್ಲಿ ಹಾಕಿದರೆ ತುಮಕೂರಿನ ಕಡೆಯವರಿಗೂ ಅದು ಮುಟ್ಟುತ್ತದೆ.

ಶಬ್ದದ ವಿಚಾರದಲ್ಲಿ ಕೆಡುವುದು ಹೀಗೆ. ಹಾಡುವ ಸ್ಪೀಕರಿನ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡುತ್ತಾರೆ. ಅದು ಮಾತಿಗೆಂದು ಮಾಡಿದ್ದು. ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ಅಳಿಸಲು ನೋಡುತ್ತದೆ. ತಂಬೂರಿ ಅಂಥದೇ ಸದ್ದು, ಮೊದಲು ಹೋಗುವುದು ಅದೇ. ಇರುವ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ, ಮೂಲ ಗುಣ ಉಳಿಯುತ್ತದೆ. ಕೇಳುವವರಿಗೆ ಇಯರ್‌ಫೋನ್ ಹಾಕಿಕೊಳ್ಳಲು ಹೇಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮೃದಂಗದ ಎಡಗಡೆಯ ತೊಪ್ಪಿಯ ಗುಂಕಾರ ಬರುವುದೇ ಇಲ್ಲ, ಬಲಗಡೆಯ ಟಕಟಕ ಮಾತ್ರ ಉಳಿಯುತ್ತದೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನವನ್ನು ಹೊಗಳಿ ಬರೆದದ್ದೆಲ್ಲ ವ್ಯರ್ಥ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದಾದರೆ ವೇಗ ನೋಡಿಕೊಳ್ಳಿ. ನೂರಕ್ಕೆ ಆರರಷ್ಟು ಜೋರಾಗಿ ಓಡಿದರೂ ಶ್ರುತಿ ಒಂದು ಸ್ವರಸ್ಥಾನ ಏರಿ, ಗಾಯಕರ ಗಂಟಲು ಚಿಕ್ಕ ವಯಸ್ಸಿನವರದ್ದಾಗಿ ಕೇಳುತ್ತದೆ. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 30 ನಿಮಿಷ. ಆಲಾಪನೆ ನಡುವೆಯೇ ಕತ್ತರಿಸಿಹೋಗಿದ್ದರೆ ‘ಟೇಪು ಅಲ್ಲಿಗೆ ಮುಗಿದಿದೆ’ ಎಂದು ಬರೆಯಿರಿ. ಇಲ್ಲವಾದರೆ ಹಾಡಿದವರೇ ನಿಲ್ಲಿಸಿದರೆಂದು ಜನ ತಿಳಿಯುತ್ತಾರೆ.

ತಮಟೆಯನ್ನು ಜಾತ್ರೆಯಲ್ಲಿ ಮುದ್ರಿಸುವವರು ವಾದ್ಯದ ಮುಖದ ಹತ್ತಿರವೇ ಫೋನ್ ಒಡ್ಡುತ್ತಾರೆ, ಪೆಟ್ಟು ಬಿದ್ದ ಕೂಡಲೇ ಸದ್ದು ಹರಿದುಹೋಗುತ್ತದೆ. ಹದಿನೈದು ಅಡಿ ದೂರ ನಿಲ್ಲಿ. ಚರ್ಮವನ್ನು ಬೆಂಕಿಗೆ ಕಾಯಿಸಿದ ಮೇಲಿನ ನಾದವೇ ಬೇರೆ, ಆರಿದಂತೆ ದನಿ ಇಳಿಯುತ್ತದೆ. ಕಾಯಿಸಿ ತಂದ ತಕ್ಷಣದ ಬಾರಿಸುವಿಕೆಯನ್ನೇ ಹಿಡಿಯಿರಿ.

ತಮಟೆಯ ಮಾತು ಬಂದದ್ದರಿಂದ ಮನಸ್ಸಿನ ಬೇಗುದಿಯನ್ನೂ ಹೇಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಅದಾದ ಮೇಲೂ ಓಡಾಡುವ ತಮಟೆ ವಿಡಿಯೊಗಳ ಕೆಳಗೆ ಬಾರಿಸಿದವರ ಹೆಸರಿಲ್ಲ, ಊರಿಲ್ಲ, ಬಡಿತದ ಯಾವ ಗತ್ತು ಎಂಬುದಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಕಥೆಗೆ ನುಡಿಸುವ ಗಣೆ ಎಂಬ ಉದ್ದನೆಯ ಬಿದಿರ ಕೊಳಲನ್ನು ‘ಹಳ್ಳಿ ಕೊಳಲು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹಾಡಿನ ಆ್ಯಪುಗಳಲ್ಲಿ ಗಾಯಕರ ಹೆಸರು ದಪ್ಪಗೆ ಕಾಣುತ್ತದೆ, ಕವಿಯ ಹೆಸರನ್ನು ಹುಡುಕಬೇಕು. ಪಿಟೀಲು, ಮೃದಂಗ, ಘಟದವರ ಹೆಸರು ಎಷ್ಟೋ ಕಡೆ ಇರುವುದೇ ಇಲ್ಲ. ರಂಗಕರ್ಮಿ ಗುಬ್ಬಿ ವೀರಣ್ಣನವರ ತುಮಕೂರು ಜಿಲ್ಲೆಯಲ್ಲಿ ಇಂದಿಗೂ ರಾತ್ರಿಯಿಡೀ ಪೌರಾಣಿಕ ನಾಟಕ ನಡೆಯುತ್ತದೆ. ಹಾರ್ಮೋನಿಯಂ ಮಾಸ್ತರು ತಿಂಗಳುಗಟ್ಟಲೆ ಕೂತು ರೈತರಿಗೆ, ಅಂಗಡಿಯವರಿಗೆ ಕಂದ, ವೃತ್ತ ಎಂಬ ಹಾಡುವ ಪದ್ಯಗಳನ್ನು ಕಲಿಸಿ ರಂಗಕ್ಕೆ ತರುತ್ತಾರೆ. ಫ್ಲೆಕ್ಸಿನಲ್ಲಿ ಪಾತ್ರಧಾರಿಗಳ ಫೋಟೊ ಸಾಲುಸಾಲಾಗಿ ಇರುತ್ತದೆ, ಮಾಸ್ತರ ಹೆಸರು ಮೂಲೆಯಲ್ಲಿ. ವಿಡಿಯೊ ಹಂಚುವಾಗ ಆ ಮೂಲೆಯೂ ಇರುವುದಿಲ್ಲ. ಇಪ್ಪತ್ತನಾಲ್ಕು ಗಂಟೆಗೆ ಮಾಯವಾಗುವ ಸ್ಟೇಟಸ್ಸಿಗೆ ಹಾಡು ಹಾಕಿ, ಹಂಚಿಕೊಂಡೆವೆಂದು ತೃಪ್ತಿಪಡುವ ಈ ಅಭ್ಯಾಸದಿಂದ ಕಲಾವಿದರಿಗೆ ದಕ್ಕುವುದು ಏನೂ ಇಲ್ಲ.

ನಿಮ್ಮ ಪತ್ರದಲ್ಲಿ ಒಂದು ಸಾಲಿದೆ: “ನಮ್ಮೂರಿನ ನಾಟಕದಲ್ಲಿ ಕೇಳಿದ ಒಂದು ವೃತ್ತ ಇವತ್ತಿಗೂ ಕಿವಿಯಲ್ಲಿದೆ, ಅದಕ್ಕೆ ಯಾರ ವಿವರಣೆಯೂ ಬೇಕಿರಲಿಲ್ಲ.” ನಿಮಗೆ ಬೇಕಿರಲಿಲ್ಲ, ನೀವು ಎದುರಿಗೇ ಕೂತಿದ್ದಿರಿ. ಯಾವ ನಾಟಕ, ಯಾವ ಸನ್ನಿವೇಶ, ಯಾವ ಮಟ್ಟು, ಮಾಸ್ತರು ಯಾರು, ಯಾವ ಊರಿನವರು ಎಂದು ಬರೆದು ಕಳಿಸಿ. ಧಾಟಿ ನೆನಪಿದ್ದರೆ ಶಿಷ್ಯೆಯ ಫೋನಿಗೆ ಎರಡು ಸಲ ಹಾಡಿಕೊಡಿ: ಒಮ್ಮೆ ನಿಧಾನಕ್ಕೆ, ಒಮ್ಮೆ ರಂಗದ ಮೇಲಿನ ವೇಗಕ್ಕೆ. ಕೆಳಗಿನ ಹತ್ತು ಸಾಲನ್ನು ಆಕೆ ಬರೆಯಲಿ, ನಾವು ಅಚ್ಚು ಹಾಕುತ್ತೇವೆ.

— ಸಂಪಾದಕರು