ಸ್ವಿಮ್ಮಿಂಗ್ ಪೂಲಿಗೂ ಸ್ಪ್ರಿಂಗ್‌ಫೀಲ್ಡಿಗೂ ಏನು ಸಂಬಂಧ?

ಹೋದ ಸಂಚಿಕೆಯಲ್ಲಿ ಇಲಿನಾಯ್ ರಾಜ್ಯದ ಆಸ್ತಿ ತೆರಿಗೆ ಬಗ್ಗೆ ಎರಡು ಮಾತು ಬರೆದಿದ್ದೆ. ಆಮೇಲೆ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಆ ತೆರಿಗೆ ಬಿಲ್ಲಿನ ಒಂದೇ ಸಾಲಿನ ಮೇಲೆ ಬಿದ್ದಿವೆ: ಪಾರ್ಕ್ ಡಿಸ್ಟ್ರಿಕ್ಟ್, ಅಂದರೆ ಊರಿನ ಪಾರ್ಕು, ಪೂಲು, ಕ್ಯಾಂಪು ನಡೆಸುವ ಸ್ಥಳೀಯ ಸಂಸ್ಥೆ. ನಾನು ಷಿಕಾಗೊ ಹೊರವಲಯದ ಒಂದು ಪಾರ್ಕ್ ಡಿಸ್ಟ್ರಿಕ್ಟಿನಲ್ಲಿ ಲೆಕ್ಕ ಬರೆದು ರಿಟೈರ್ ಆದವಳು ಅಂತ ಯಾರೋ ಬಾಯಿ ಬಿಟ್ಟಿರಬೇಕು. ಇರಲಿ, ಈ ಸಲ ಪೂರ್ತಿ ಅದೇ.

ಪ್ರಶ್ನೆ: ಮೇಡಂ, ಮನೆ ತಗೊಂಡ ಮೇಲೆ ಮೊದಲ ಟ್ಯಾಕ್ಸ್ ಬಿಲ್ ಬಂತು. ವಿಲೇಜಿಗೆ, ಅಂದರೆ ಊರಾಡಳಿತಕ್ಕೆ, ಒಂದು ಸಾಲು, ಪಾರ್ಕಿಗೆ ಇನ್ನೊಂದು ಸಾಲು. ಊರಿಗೆ ಕಟ್ಟಿದ ಮೇಲೆ ಪಾರ್ಕಿಗೆ ಬೇರೆ ಯಾಕೆ? ಅದೂ ಸಾಲದು ಅಂತ ಮಗಳ ಈಜು ಕ್ಲಾಸಿಗೆ ಮತ್ತೆ ದುಡ್ಡು ಕೇಳ್ತಾರೆ. ಇದು ಎರಡೆರಡು ಸಲ ಸುಲಿಗೆ ಅಲ್ವಾ?
— ಷಾಂಬರ್ಗ್‌ನ ಓದುಗರು

ಉತ್ತರ: ಬಿಲ್ಲನ್ನು ಇನ್ನೊಂದು ಸಲ ಕೈಗೆತ್ತಿಕೊಳ್ಳಿ. ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಫಾರೆಸ್ಟ್ ಪ್ರಿಸರ್ವ್, ಟೌನ್‌ಶಿಪ್, ಸ್ಕೂಲು, ಕಮ್ಯುನಿಟಿ ಕಾಲೇಜು, ಲೈಬ್ರರಿ, ಪಾರ್ಕು. ನಿಮ್ಮ ಕಡೆಯ ಬಿಲ್ಲಲ್ಲಿ ಸೊಳ್ಳೆ ಹೊಡೆಯೋಕೂ ಒಂದು ಡಿಸ್ಟ್ರಿಕ್ಟ್ ಇರುತ್ತದೆ, ತಮಾಷೆ ಅಲ್ಲ. ಇವೆಲ್ಲ ಊರಾಡಳಿತದ ಇಲಾಖೆಗಳಲ್ಲ. ಒಂದೊಂದೂ ಬೇರೆ ಬೇರೆ ಸರ್ಕಾರ. ಇಲಿನಾಯ್‌ನಲ್ಲಿ ಇಂಥ ಸ್ಥಳೀಯ ಸರ್ಕಾರಗಳು ಸುಮಾರು 7,000 ಇವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ.

ಇದಕ್ಕೆ ಒಂದು ಹಳೇ ಕಾರಣ ಇದೆ. 1870ರ ರಾಜ್ಯ ಸಂವಿಧಾನ, ಯಾವುದೇ ಊರು ತನ್ನ ಆಸ್ತಿ ಮೌಲ್ಯದ ಶೇ 5ಕ್ಕಿಂತ ಹೆಚ್ಚು ಸಾಲ ಮಾಡಬಾರದು ಅಂತ ಕಟ್ಟು ಹಾಕಿತು. ಜನ ಸುಮ್ನೆ ಕೂರ್ತಾರಾ? ಅದೇ ನೆಲದ ಮೇಲೆ ಇನ್ನೊಂದು ಸರ್ಕಾರ ಹುಟ್ಟಿಸಿದರೆ ಅದಕ್ಕೂ ಶೇ 5 ಸಿಗುತ್ತಿತ್ತು. ಹೀಗೆ ಒಂದರ ಮೇಲೊಂದು ಹುಟ್ಟಿದವು. ಅದಕ್ಕೂ ಒಂದು ವರ್ಷ ಮೊದಲೇ, 1869ರಲ್ಲಿ, ಷಿಕಾಗೊದಲ್ಲಿ ಪಾರ್ಕುಗಳಿಗೆ ಅಂತಲೇ ಮೂರು ಕಮಿಷನ್‌ಗಳನ್ನು ಶಾಸನಸಭೆ ಮಾಡಿಕೊಟ್ಟಿತ್ತು: ಸೌತ್, ವೆಸ್ಟ್, ಲಿಂಕನ್. ಬರ್ತಾ ಬರ್ತಾ ಆ ಒಂದೇ ನಗರದಲ್ಲಿ 22 ಪಾರ್ಕ್ ಡಿಸ್ಟ್ರಿಕ್ಟುಗಳಾದವು. 1930ರ ದಶಕದ ಮುಗ್ಗಟ್ಟಿನಲ್ಲಿ ಬಹಳಷ್ಟರ ಕೈ ಬರಿದಾಯಿತು. 1934ರಲ್ಲಿ ಎಲ್ಲವನ್ನೂ ಸೇರಿಸಿ ಈಗಿನ ಷಿಕಾಗೊ ಪಾರ್ಕ್ ಡಿಸ್ಟ್ರಿಕ್ಟ್ ಮಾಡಿದರು. ಅದರ ಬೋರ್ಡನ್ನು ಮೇಯರ್ ನೇಮಿಸುತ್ತಾರೆ. ನಿಮ್ಮ ಷಾಂಬರ್ಗ್‌ನಂಥ ಕಡೆ ಬೋರ್ಡಿಗೆ ನೀವೇ ವೋಟು ಹಾಕಬೇಕು. ಸಂಬಳ ಇಲ್ಲದ ಕೆಲಸ, ಕೊಡಬಾರದು ಅಂತ ಕಾನೂನೇ ಹೇಳುತ್ತದೆ. ಬೆಸ ಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಚುನಾವಣೆ. ಸಿಟಿಜನ್ ಆಗಿರುವ ನಮ್ಮವರಲ್ಲೂ ಅವತ್ತು ಮತಗಟ್ಟೆ ಕಡೆ ತಲೆ ಹಾಕುವವರು ಕಡಿಮೆ.

ಇನ್ನು ಈಜು ಕ್ಲಾಸಿನ ಫೀಸು. ತೆರಿಗೆ ಹಣ ಮುಖ್ಯವಾಗಿ ಎಲ್ಲರೂ ಬಳಸುವುದಕ್ಕೆ ಹೋಗುತ್ತದೆ: ಜಾಗ, ಹುಲ್ಲು, ಉಯ್ಯಾಲೆ, ನಡೆಯುವ ದಾರಿ, ಮೇಂಟೆನೆನ್ಸ್ ಆಳುಗಳು. ಕ್ಲಾಸು, ಕ್ಯಾಂಪು, ಜಿಮ್ಮು, ಇವುಗಳ ಖರ್ಚಿನ ದೊಡ್ಡ ಪಾಲು ಬಳಸುವವರ ಫೀಸಿನಿಂದಲೇ ಬರಬೇಕು. ತೆರಿಗೆ ಕಟ್ಟುವ ನಿಮಗೆ ರೆಸಿಡೆಂಟ್ ದರ. ಪಕ್ಕದ ಊರಿನವರಿಗೆ ಜಾಸ್ತಿ. ಸುಲಿಗೆ ಅನ್ನಲಾರೆ. ಆದರೆ ಗೋಲ್ಫ್ ಕೋರ್ಸ್ ನಷ್ಟದಲ್ಲಿ ನಡೀತಾ ಇದ್ದರೆ ಆ ನಷ್ಟ ಯಾರು ತುಂಬ್ತಾರೆ ಅಂತ ಕೇಳುವ ಹಕ್ಕು ನಿಮಗಿದೆ. ಬಜೆಟ್ ಪುಸ್ತಕದಲ್ಲಿ ಗೋಲ್ಫಿಗೆ ಬೇರೆ ಪುಟ ಇದ್ದರೆ ಮೊದಲು ಅದನ್ನೇ ತೆಗೆದು ನೋಡಿ.

ಪ್ರಶ್ನೆ: ನಮ್ಮೂರ ಪಾರ್ಕಿಗೆ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಕೂತವರು ಯಾಕೆ ಕಾನೂನು ಮಾಡಬೇಕು? ಬೋರ್ಡು ನಮ್ಮದು, ದುಡ್ಡು ನಮ್ಮದು.
— ನೇಪರ್‌ವಿಲ್‌ನ ಕಾಲೇಜು ವಿದ್ಯಾರ್ಥಿ

ಉತ್ತರ: ದುಡ್ಡು ನಿಮ್ಮದು, ಸರಿ. ಆದರೆ ಅದನ್ನು ವಸೂಲಿ ಮಾಡುವ ಅಧಿಕಾರ ಕೊಟ್ಟಿದ್ದು ರಾಜ್ಯ. ಇಲಿನಾಯ್‌ನಲ್ಲಿ ದೊಡ್ಡ ನಗರಗಳಿಗೆ ಹೋಮ್ ರೂಲ್ ಅಂತ ಒಂದು ಸ್ವಾತಂತ್ರ್ಯ ಇದೆ, ರಾಜ್ಯ ಬೇಡ ಅನ್ನದೇ ಇದ್ದದ್ದನ್ನೆಲ್ಲ ಬಹುಮಟ್ಟಿಗೆ ಮಾಡಬಹುದು. ಪಾರ್ಕ್ ಡಿಸ್ಟ್ರಿಕ್ಟಿಗೆ ಅದಿಲ್ಲ. ಅದು ರಾಜ್ಯದ ಪಾರ್ಕ್ ಡಿಸ್ಟ್ರಿಕ್ಟ್ ಕೋಡ್ ಏನು ಮಾಡಬಹುದು ಅನ್ನುತ್ತದೋ ಅಷ್ಟನ್ನೇ ಮಾಡಬೇಕು.

ಇದರ ಬಿಸಿ ಲೆಕ್ಕದ ಮೇಜಿಗೆ ಹೇಗೆ ತಟ್ಟುತ್ತಿತ್ತು ಅಂತ ಹೇಳ್ತೀನಿ. ಡಿಸೆಂಬರ್ ಕೊನೆಯ ಮಂಗಳವಾರದೊಳಗೆ ಲೆವಿ ಆರ್ಡಿನೆನ್ಸ್ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ ಬೀಳಬೇಕು. ಬರುವ ವರ್ಷ ಎಷ್ಟು ತೆರಿಗೆ ಬೇಕು ಅನ್ನುವ ಪತ್ರ ಅದು. ಎಷ್ಟು ಬೇಕಾದರೂ ಕೇಳುವ ಹಾಗಿಲ್ಲ. ನಮ್ಮ ಕಡೆ 1991ರ ಒಂದು ಕಾನೂನಿನ ಮಿತಿ ಇದೆ, ಎಲ್ಲರೂ ಟ್ಯಾಕ್ಸ್ ಕ್ಯಾಪ್ ಅಂತಾರೆ. ಹಿಂದಿನ ವರ್ಷಕ್ಕಿಂತ ಬೆಲೆ ಏರಿಕೆಯಷ್ಟೇ ಜಾಸ್ತಿ ಕೇಳಬಹುದು, ಅದು ಶೇ 5 ದಾಟಿದರೆ ಶೇ 5ಕ್ಕೇ ನಿಲ್ಲಬೇಕು. ಹೊಸ ಕಟ್ಟಡಗಳಿಂದ ಬರುವುದು ಇದರ ಹೊರಗೆ. 2021ರ ಡಿಸೆಂಬರ್‌ನಲ್ಲಿ ಬೆಲೆ ಏರಿಕೆ ಶೇ 7 ಇತ್ತು, ನೆನಪಿದೆಯಾ? ಪೂಲಿಗೆ ಹಾಕುವ ಕ್ಲೋರಿನ್, ಹುಲ್ಲು ಕತ್ತರಿಸುವ ಯಂತ್ರದ ಡೀಸೆಲ್, ಎಲ್ಲ ಮೇಲೆ ಹೋಗಿತ್ತು. ಮುಂದಿನ ಲೆವಿಗೆ ಸಿಕ್ಕಿದ್ದು ಶೇ 5 ಮಾತ್ರ. ಅದಕ್ಕೆ ಹಿಂದಿನ ವರ್ಷವಂತೂ ಶೇ 1.4 ಅಷ್ಟೇ.

ಇಲ್ಲಿ ಒಂದು ಮಾತು, ಬಹಳ ಜನ ಎಡವುವ ಜಾಗ. ಈ ಮಿತಿ ಇರುವುದು ಡಿಸ್ಟ್ರಿಕ್ಟಿನ ಒಟ್ಟು ವಸೂಲಿಗೆ, ನಿಮ್ಮ ಮನೆಯ ಬಿಲ್ಲಿಗಲ್ಲ. ಅಕ್ಕಪಕ್ಕದವರಿಗಿಂತ ನಿಮ್ಮ ಮನೆಯ ಬೆಲೆ ಜಾಸ್ತಿ ಏರಿದ್ದರೆ ನಿಮ್ಮ ಸಾಲು ಶೇ 5 ದಾಟಲೂಬಹುದು. ಅದಕ್ಕೆ ಪಾರ್ಕಿನವರ ಮೇಲೆ ರೇಗಿ ಪ್ರಯೋಜನವಿಲ್ಲ.

ಇನ್ನೊಂದು ಕಾನೂನು ಟ್ರೂಥ್ ಇನ್ ಟ್ಯಾಕ್ಸೇಷನ್. ಹೊಸ ಕಟ್ಟಡಗಳದ್ದೂ ಸೇರಿ ಕೇಳುವ ಲೆವಿ ಹಿಂದಿನದಕ್ಕಿಂತ ಶೇ 5ಕ್ಕೂ ಜಾಸ್ತಿ ಆದರೆ ಪೇಪರಿನಲ್ಲಿ ನೋಟಿಸ್ ಹಾಕಿ, ಸಾರ್ವಜನಿಕರ ಅಹವಾಲು ಕೇಳಬೇಕು. ನೋಟಿಸಿಗೆ ಕಪ್ಪು ಚೌಕಟ್ಟು ಇರುತ್ತದೆ. ಪೇಪರ್ ತಿರುವುವಾಗ ಅದನ್ನು ದಾಟಿ ಹೋಗಬೇಡಿ.

ಪ್ರಶ್ನೆ: ನನ್ನ ಮಗಳಿಗೆ 17. ಬೇಸಿಗೆಯಲ್ಲಿ ಪೂಲಿನಲ್ಲಿ ಲೈಫ್‌ಗಾರ್ಡ್. ಅವಳ ಗೆಳತಿಗೆ 18, ಅದೇ ಕುರ್ಚಿ, ಅದೇ ಸೀಟಿ, ಗಂಟೆಗೆ 2 ಡಾಲರ್ ಜಾಸ್ತಿ. ಮೋಸ ತಾನೆ? ಚಿಕ್ಕವನ ಸಮ್ಮರ್ ಕ್ಯಾಂಪ್ ಫೀಸು ಬೇರೆ ಏರುತ್ತಲೇ ಇದೆ.
— ಹೆಸರು ಬೇಡ, ಬೋಲಿಂಗ್‌ಬ್ರೂಕ್

ಉತ್ತರ: ಮೋಸ ಅಲ್ಲ, ಕಾನೂನೇ ಹಾಗಿದೆ. 2019ರಲ್ಲಿ ರಾಜ್ಯ ಕನಿಷ್ಠ ಕೂಲಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕಾನೂನು ಮಾಡಿತು. ಆಗ ಇದ್ದದ್ದು 8.25 ಡಾಲರ್. 2025ರ ಜನವರಿ 1ಕ್ಕೆ 15 ಆಯಿತು. 18 ತುಂಬದವರು ಒಂದೇ ಕಡೆ ವರ್ಷಕ್ಕೆ 650 ಗಂಟೆಯೊಳಗೆ ಕೆಲಸ ಮಾಡಿದರೆ 13 ಕೊಟ್ಟರೂ ಸಾಕು. ಒಂದು ಬೇಸಿಗೆಯಲ್ಲಿ 650 ಗಂಟೆ ಮುಟ್ಟುವುದು ಕಷ್ಟ. ಹಾಗಂತ 13ಕ್ಕೇ ನಿಲ್ಲಿಸಬೇಕು ಅಂತೇನೂ ಇಲ್ಲ. ಬೇರೆ ಪೂಲುಗಳು ಎಷ್ಟು ಕೊಡುತ್ತವೆ ಅಂತ ವಿಚಾರಿಸಲಿ, ಮುಂದಿನ ಬೇಸಿಗೆಗೆ ಅರ್ಜಿ ಹಾಕುವಾಗ ಬಾಯಿ ಬಿಟ್ಟು ಕೇಳಲಿ. ಲೈಫ್‌ಗಾರ್ಡ್ ಸಿಗುವುದೇ ಕಷ್ಟ, ಹುಡುಗಿಗೆ ಅದು ಗೊತ್ತಿರಲಿ.

ನಿಮ್ಮ ಎರಡನೇ ದೂರಿಗೂ ಉತ್ತರ ಇದರಲ್ಲೇ ಇದೆ. ಬೇಸಿಗೆಯಲ್ಲಿ ಪಾರ್ಕ್ ಡಿಸ್ಟ್ರಿಕ್ಟ್ ಅಂದರೆ ಹೈಸ್ಕೂಲ್, ಕಾಲೇಜು ಮಕ್ಕಳ ಸೈನ್ಯ. ಕ್ಯಾಂಪ್ ಕೌನ್ಸೆಲರ್, ಟಿಕೆಟ್ ಕೌಂಟರ್, ಟೀ-ಬಾಲ್ ಅಂಪೈರ್, ಎಲ್ಲ ಅವರೇ. 8.25 ಇದ್ದದ್ದು 15 ಆದಾಗ, ಟ್ಯಾಕ್ಸ್ ಮೇಲೆ ಮುಚ್ಚಳ ಇರುವಾಗ, ಉಳಿಯುವ ದಾರಿ ಫೀಸು ಒಂದೇ. ಮಗಳ ಕೈಗೆ ಬಂದದ್ದು ಮಗನ ಕ್ಯಾಂಪಿಗೆ ಹೋಯಿತು ಅಂದುಕೊಳ್ಳಿ. ಕೂಲಿ ಏರಿಸಿದ್ದು ಸರಿಯೇ ಅಂತ ನನ್ನ ಅಭಿಪ್ರಾಯ. ಆದರೆ ಕೂಲಿ ಏರಿಸು ಅಂತ ಒಂದು ಕೈಯಲ್ಲಿ ಹೇಳಿ, ತೆರಿಗೆ ಏರಿಸಬೇಡ ಅಂತ ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುವವರು ಕ್ಯಾಂಪ್ ಫೀಸಿನ ಬ್ರೋಷರನ್ನೂ ಒಂದು ಸಲ ಓದಬೇಕು.

ಪ್ರಶ್ನೆ: ಅಕ್ಕ, ನನ್ನ ಮಗನಿಗೆ ಆಟಿಸಂ. 9 ವರ್ಷ. ಎಲ್ಲ ಮಕ್ಕಳೂ ಕ್ಯಾಂಪಿಗೆ ಹೋಗ್ತಾರೆ. ಇವನನ್ನು ಸೇರಿಸಿಕೊಳ್ತಾರಾ ಅಂತ ಕೇಳೋಕೂ ಸಂಕೋಚ.
— ಅರೋರಾದ ಒಬ್ಬ ತಾಯಿ

ಉತ್ತರ: ಸಂಕೋಚ ಬೇಡಮ್ಮ. ಇದು ಯಾರ ದಯೆಯೂ ಅಲ್ಲ. ನೀವು ಕಟ್ಟುವ ತೆರಿಗೆಯಲ್ಲೇ ಇದಕ್ಕೆ ಬೇರೆ ಹಣ ಇದೆ. ಅಂಗವಿಕಲರ ಆಟೋಟಕ್ಕೆ ಅಕ್ಕಪಕ್ಕದ ಡಿಸ್ಟ್ರಿಕ್ಟುಗಳು ಸೇರಿ ಒಂದು ಜಂಟಿ ಸಂಸ್ಥೆ ನಡೆಸಬಹುದು, ಅದಕ್ಕಾಗಿ ತೆರಿಗೆ ಮೌಲ್ಯದ ಶೇ 0.04ರವರೆಗೆ ಪ್ರತ್ಯೇಕ ಲೆವಿ ಹಾಕಬಹುದು ಅಂತ ಪಾರ್ಕ್ ಡಿಸ್ಟ್ರಿಕ್ಟ್ ಕೋಡಿನಲ್ಲೇ ಇದೆ. ನಿಮ್ಮ ಕೌಂಟಿಯಲ್ಲಿ ತೆರಿಗೆ ಮೌಲ್ಯ ಮಾರುಕಟ್ಟೆ ಬೆಲೆಯ ಮೂರನೇ ಒಂದು ಭಾಗ. 4,50,000 ಡಾಲರ್ ಮನೆ ಅಂದರೆ 1,50,000. ವಿನಾಯಿತಿಗಳನ್ನು ಬಿಟ್ಟು ಲೆಕ್ಕ ಹಾಕಿದರೂ ವರ್ಷಕ್ಕೆ ಹೆಚ್ಚೆಂದರೆ 60 ಡಾಲರ್.

ಲೆಕ್ಕದಲ್ಲಿ ಇದಕ್ಕೆ ಬೇರೆ ಖಾತೆ. ಗೋಲ್ಫ್ ಗಾಡಿ ಕೊಳ್ಳೋಕೆ ಈ ದುಡ್ಡು ಮುಟ್ಟುವ ಹಾಗಿಲ್ಲ. ಜಂಟಿ ಸಂಸ್ಥೆಯ ಪಾಲು ಕಟ್ಟಬೇಕು, ಗಾಲಿಕುರ್ಚಿ ಹೋಗುವ ಇಳಿಜಾರು, ಬಾಗಿಲು ಇಂಥವಕ್ಕೆ ಬಳಸಬಹುದು. ನಾನು ಬರೆದ ಖಾತೆಗಳಲ್ಲಿ ಅತ್ಯಂತ ಚೊಕ್ಕವಾಗಿದ್ದದ್ದು ಇದೇ.

ನೀವು ಮಾಡಬೇಕಾದ್ದು ಇಷ್ಟು. ಕ್ಯಾಂಪಿನ ಅರ್ಜಿಯಲ್ಲಿ ವಿಶೇಷ ಅನುಕೂಲ ಬೇಕೇ ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಗುರುತು ಹಾಕಿ. ಇನ್‌ಕ್ಲೂಷನ್ ನೋಡಿಕೊಳ್ಳುವವರು ಫೋನ್ ಮಾಡುತ್ತಾರೆ. ಸದ್ದಿಗೆ ಹೆದರುತ್ತಾನಾ, ಏನು ತಿನ್ನುತ್ತಾನೆ, ಸಿಟ್ಟು ಬಂದರೆ ಯಾವುದಕ್ಕೆ ಸಮಾಧಾನ ಆಗುತ್ತಾನೆ ಅಂತ ಕೇಳುತ್ತಾರೆ, ಮುಚ್ಚಿಡದೆ ಹೇಳಿ. ಬೇಕಾದರೆ ಅವನ ಜೊತೆಗೇ ಇರೋಕೆ ಒಬ್ಬ ಸಹಾಯಕರನ್ನು ಕೊಡುತ್ತಾರೆ. ಅದಕ್ಕೆ ಅಂತ ನಿಮ್ಮಿಂದ ಜಾಸ್ತಿ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ಅರ್ಜಿ ಮಾತ್ರ ಬೇಗ ಹಾಕಿ. ಜನ ಹೊಂದಿಸೋಕೆ ಅವರಿಗೂ ಟೈಮ್ ಬೇಕು.

ಪ್ರಶ್ನೆ: ನಾನು ಹಾಸನದವನು, ಮಗನ ಮನೆಗೆ ಬಂದಿದ್ದೇನೆ. ಇಲ್ಲಿ ಕೆರೆ ಸುತ್ತ ಚೆನ್ನಾದ ದಾರಿ ಇದೆ. ಆದರೆ ಅರ್ಧ ಸುತ್ತಿಗೆ ಕೂರೋಣ ಅಂದರೆ ಒಂದು ಬೆಂಚಿಲ್ಲ. ಯಾರಿಗೆ ಹೇಳೋದು? ನಾನು ವಿಸಿಟರ್ ವೀಸಾದವನು, ನನ್ನ ಮಾತು ಯಾರು ಕೇಳ್ತಾರೆ ಅಂತಾನೆ ಮಗ.
— ನಿವೃತ್ತ ಮೇಷ್ಟರು

ಉತ್ತರ: ಮೇಷ್ಟ್ರೇ, ಮಗನಿಗೆ ಓಪನ್ ಮೀಟಿಂಗ್ಸ್ ಆಕ್ಟ್ ಓದೋಕೆ ಹೇಳಿ. ಪಾರ್ಕ್ ಬೋರ್ಡಿನಂಥ ಸಭೆಗಳಲ್ಲಿ ಮಾತಾಡೋಕೆ 'ಯಾವುದೇ ವ್ಯಕ್ತಿ'ಗೆ ಅವಕಾಶ ಕೊಡಬೇಕು ಅಂತ 2011ರಿಂದ ಅದರಲ್ಲಿದೆ. ವೋಟರ್ ಅಂತ ಇಲ್ಲ, ಸಿಟಿಜನ್ ಅಂತಲೂ ಇಲ್ಲ. ವಿಳಾಸ ಹೇಳಿದರೇ ಮಾತು ಅಂತ ಪಟ್ಟು ಹಿಡಿಯಬಾರದು ಅಂತ ಅಟಾರ್ನಿ ಜನರಲ್ ಕಚೇರಿ 2014ರಲ್ಲಿ ಅಭಿಪ್ರಾಯ ಕೊಟ್ಟಿದೆ.

ಸಭೆಗೆ 48 ಗಂಟೆ ಮೊದಲೇ ಅಜೆಂಡಾ ಹಚ್ಚಿರುತ್ತಾರೆ. ಹೋಗಿ ಕೂತುಕೊಳ್ಳಿ. ಐದೋ ಏಳೋ ಜನ ಕಮಿಷನರ್‌ಗಳು, ಅಂದರೆ ಬೋರ್ಡಿನ ಸದಸ್ಯರು, ಉದ್ದ ಮೇಜಿನ ಹಿಂದೆ ಇರುತ್ತಾರೆ. ಒಬ್ಬರು ದಂತವೈದ್ಯರು, ಒಬ್ಬರು ರಿಟೈರ್ಡ್ ಟೀಚರ್, ಹೀಗೆ ಊರಿನವರೇ. ಎದುರಿನ ಕುರ್ಚಿಗಳು ಖಾಲಿ. ಪಬ್ಲಿಕ್ ಕಾಮೆಂಟ್ ಅಂದಾಗ ಎದ್ದು ಮೈಕಿನ ಹತ್ತಿರ ಹೋಗಿ. ಸಾಮಾನ್ಯವಾಗಿ ಮೂರು ನಿಮಿಷ ಕೊಡುತ್ತಾರೆ. ನೀವು ಕನ್ನಡದಲ್ಲೇ ಹೇಳಿ, ಮಗ ಇಂಗ್ಲಿಷಿಗೆ ಮಾಡಲಿ. ಅವತ್ತೇ ಉತ್ತರ ಕೊಡುವುದಿಲ್ಲ, ತಲೆದೂಗಿ ಥ್ಯಾಂಕ್ಸ್ ಅನ್ನುತ್ತಾರೆ. ಅದನ್ನು ಅಸಡ್ಡೆ ಅಂದುಕೊಳ್ಳಬೇಡಿ. ಮಾತು ಸಭೆಯ ನಡಾವಳಿಗೆ ಸೇರುತ್ತದೆ, ಮರುದಿನ ಡೈರೆಕ್ಟರ್ ಪಾರ್ಕ್ಸ್ ವಿಭಾಗದವರನ್ನು ಕೇಳುತ್ತಾರೆ. ಒಂದು ಕಿವಿಮಾತು: 'ಬೆಂಚ್ ಬೇಕು' ಅನ್ನಬೇಡಿ. ದಾರಿಯ ಯಾವ ತಿರುವಿನಲ್ಲಿ ಬೇಕು ಅಂತ ಒಂದು ಫೋಟೋ ತೆಗೆದುಕೊಂಡು ಹೋಗಿ.

ಪ್ರಶ್ನೆ: ಇಷ್ಟೊಂದು ಸರ್ಕಾರಗಳು ಯಾಕೆ? ಪಾರ್ಕ್ ಡಿಸ್ಟ್ರಿಕ್ಟುಗಳನ್ನೆಲ್ಲ ಊರಾಡಳಿತಕ್ಕೆ ಸೇರಿಸಿಬಿಟ್ಟರೆ ಟ್ಯಾಕ್ಸ್ ಇಳಿಯಲ್ವಾ?
— ಪ್ಯಾಲಟೈನ್‌ನ ಓದುಗರು

ಉತ್ತರ: ಹುಲ್ಲು ಯಾರು ಕತ್ತರಿಸಿದರೂ ಕೂಲಿ ಅಷ್ಟೇ. ಒಬ್ಬ ಡೈರೆಕ್ಟರ್ ಸಂಬಳ, ಒಂದು ಆಡಿಟ್ ಉಳಿಯಬಹುದು. ಅದಕ್ಕೆ ಬದಲಾಗಿ, ಬಜೆಟ್ ಕಷ್ಟಕ್ಕೆ ಬಂದಾಗ ಪೊಲೀಸ್, ರಸ್ತೆ, ಪಾರ್ಕ್ ಒಂದೇ ಚೀಲದಲ್ಲಿದ್ದರೆ ಮೊದಲು ಕತ್ತರಿ ಬೀಳುವುದು ಪಾರ್ಕಿಗೇ. ಚಿಕ್ಕ ಊರುಗಳಲ್ಲಿ ಸೇರಿಸುವುದು ಸರಿ ಇರಬಹುದು. ನಿಮ್ಮಂಥ ದೊಡ್ಡ ಊರಿಗೆ ನಾನು ಬೇಡ ಅಂತೀನಿ. ಅಲ್ಲಿ ಕೆಲಸ ಮಾಡಿದವಳು ಇನ್ನೇನು ಹೇಳ್ತಾಳೆ ಅಂದುಕೊಂಡರೆ ಅದೂ ಸರಿಯೇ.

ಶಾಸನಸಭೆಗೂ ಇದೇ ಪ್ರಶ್ನೆ ಇತ್ತು. 2022ರಲ್ಲಿ ಒಂದು ಕಾನೂನು ಮಾಡಿದರು. ನಗರ, ವಿಲೇಜ್, ಕೌಂಟಿ ಬಿಟ್ಟು ತೆರಿಗೆ ಹಾಕುವ ಪ್ರತಿ ಸ್ಥಳೀಯ ಸರ್ಕಾರವೂ ಹತ್ತು ವರ್ಷಕ್ಕೊಮ್ಮೆ ತನ್ನ ದಕ್ಷತೆ ನೋಡಿಕೊಳ್ಳೋಕೆ ಒಂದು ಕಮಿಟಿ ಮಾಡಬೇಕು. ಮೊದಲ ಕಮಿಟಿಗೆ 2023ರ ಜೂನ್ 10 ಗಡುವು. ಕಡಿಮೆ ಅಂದರೆ ಮೂರು ಸಭೆ, ಆಮೇಲೆ ಕೌಂಟಿಗೆ ವರದಿ. ತನ್ನ ಬಗ್ಗೆ ತಾನೇ ಬರೆಯುವ ವರದಿ ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಆದರೂ ನಿಮ್ಮ ಡಿಸ್ಟ್ರಿಕ್ಟಿನದನ್ನು ಕೇಳಿ ಓದಿ, ಅದು ಸಾರ್ವಜನಿಕ ದಾಖಲೆ. ಬೋರ್ಡಿನವರ ಜೊತೆ ಕಮಿಟಿಯಲ್ಲಿ ಊರಿನ ಇಬ್ಬರಾದರೂ ಇರಲೇಬೇಕು ಅಂತ ಕಾನೂನಿದೆ. ಸಂಬಳ ಇಲ್ಲ. ಮುಂದಿನ ಕಮಿಟಿ 2033ರ ಹೊತ್ತಿಗೆ. ಅಷ್ಟರಲ್ಲಿ ನಿಮಗೂ ಬಿಡುವಾಗಬಹುದು.