ಏಳನೆಯ ಫೋಟೊ

ಗೌರಿಬಿದನೂರಿನ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರ ಪತ್ರ: "ಜರ್ಮನಿಯಲ್ಲಿರುವ ಮಗಳ ಜೊತೆ ಕಳೆದ ಜುಲೈನಲ್ಲಿ ಬೋಸ್ನಿಯಾದ ಮೊಸ್ತಾರ್ ನೋಡಿಬಂದೆ. ಅಲ್ಲಿನ ಹಳೇ ಸೇತುವೆಯಿಂದ ನದಿಗೆ ಹಾರುವ ಹುಡುಗರ ಹನ್ನೊಂದು ಫೋಟೊ ಕಳಿಸಿದ್ದೆ. ಒಂದನ್ನೂ ಹಾಕಲಿಲ್ಲ. ಕಾರಣವನ್ನಾದರೂ ತಿಳಿಸಬಾರದೇ?"

ಮೇಷ್ಟ್ರೇ, ನಮಸ್ಕಾರ.

ನೀವು ಮುನಿಸಿಕೊಂಡದ್ದು ಸರಿಯೇ. ನಾಲ್ಕು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಕಚೇರಿಯಲ್ಲಿ ಇರುವುದು ಮೂರೇ ಜನ ಅನ್ನುವುದು ಬರೀ ನೆಪ.

ಮೊದಲ ಆರೂ ಫೋಟೊ ಕೋಸ್ಕಿ ಮೆಹ್ಮದ್ ಪಾಷಾ ಮಸೀದಿಯ ಅಂಗಳದಿಂದ ತೆಗೆದವು. ಹೋದವರೆಲ್ಲ ಅಲ್ಲೇ ನಿಂತು ತೆಗೆಯುತ್ತಾರೆ. ಆದರೆ ಆ ಅಂಗಳ ಇರುವುದು ಸೇತುವೆಯ ಉತ್ತರಕ್ಕೆ. ನಡುಹಗಲಲ್ಲಿ ಸೂರ್ಯ ಸೇತುವೆಯ ಆಚೆ, ದಕ್ಷಿಣಕ್ಕಿರುತ್ತಾನೆ. ಹಾಗಾಗಿ ಕಮಾನು ಮಸಿ ಬಳಿದಂತಾಗಿದೆ, ಬಿಳಿಚಿದ ಆಕಾಶದಲ್ಲಿ ಹುಡುಗ ನೊಣದಷ್ಟು ಕಾಣುತ್ತಾನೆ. ಸೇತುವೆ ದಾಟಿ ದಕ್ಷಿಣದ ಕಡೆ ದಂಡೆಗೆ ಇಳಿದಿದ್ದರೆ ಕಲ್ಲಿನ ಮೇಲೆ ಬಿಸಿಲೂ ಬೀಳುತ್ತಿತ್ತು, ನೆರೆತ್ವಾ ನದಿಯ ಆ ಹಸಿರೂ ಸಿಗುತ್ತಿತ್ತು.

ಎಂಟರಿಂದ ಹನ್ನೊಂದರವರೆಗೆ ಹುಡುಗರು ಕಲಸಿಹೋಗಿದ್ದಾರೆ. ಇದು ನಿಮ್ಮದೇ ಲೆಕ್ಕ. ಬೇಸಿಗೆಯಲ್ಲಿ ಸೇತುವೆ ನೀರಿನಿಂದ ಸುಮಾರು 24 ಮೀಟರ್ ಎತ್ತರ. ಬೀಳಲು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಸಾಕು, ನೀರು ಮುಟ್ಟುವಾಗ ವೇಗ ಗಂಟೆಗೆ 78 ಕಿ.ಮೀ. ಆಸುಪಾಸು. ಕ್ಯಾಮೆರಾದ ಷಟರ್ ಸೆಕೆಂಡಿನ 1/125 ಭಾಗದಷ್ಟು ಹೊತ್ತು ತೆರೆದಿದ್ದರೆ ಅಷ್ಟರಲ್ಲೇ ಆತ ಹತ್ತಿರ ಹತ್ತಿರ ಒಂದು ಗೇಣು ಜಾರಿರುತ್ತಾನೆ. 1/1000 ಇಟ್ಟರೆ ಬೆರಳಗಲವಷ್ಟೇ. ಕಟ್ಟೆ ಬಿಟ್ಟ ಮರುಗಳಿಗೆಯಲ್ಲೇ ಒತ್ತಿದರೆ ಇನ್ನೂ ಸುಲಭ, ಆಗ ವೇಗವೇ ಇರುವುದಿಲ್ಲ.

ನಿಮ್ಮ ಅಡಿಬರಹವನ್ನೂ ತಿದ್ದಬೇಕಾಯಿತು. "450 ವರ್ಷದ ಕಲ್ಲು" ಎಂದಿದ್ದೀರಿ. ಒಟ್ಟೋಮನ್ ವಾಸ್ತುಶಿಲ್ಪಿ ಮಿಮಾರ್ ಹೈರುದ್ದೀನ್ 1566ರಲ್ಲಿ ಕಟ್ಟಿ ಮುಗಿಸಿದ ಸೇತುವೆ 1993ರ ನವೆಂಬರ್ 9ರಂದು ಯುದ್ಧದಲ್ಲಿ ಶೆಲ್ ದಾಳಿಗೆ ಸಿಕ್ಕಿ ನದಿಗೆ ಬಿತ್ತು. ನೀವು ನಡೆದಾಡಿದ್ದು ಆ ಸೀಮೆಯ ತೆನೆಲಿಯಾ ಕಲ್ಲಿನಲ್ಲೇ ಮತ್ತೆ ಕಟ್ಟಿ 2004ರಲ್ಲಿ ತೆರೆದ ಸೇತುವೆಯ ಮೇಲೆ. ಹುಡುಗರು ಹಾರುವ ರೂಢಿಯೇ ಈ ಹೊಸ ಸೇತುವೆಗಿಂತ ಹಳೆಯದು. 1664ರಷ್ಟು ಹಿಂದೆಯೇ ಅದರ ದಾಖಲೆ ಇದೆ.

ಇನ್ನು ಏಳನೆಯದು. ಕೈತಪ್ಪಿ ಒತ್ತಿದ್ದಿರಬೇಕು, ಚೌಕಟ್ಟೂ ವಾಲಿದೆ. ಚಡ್ಡಿಯ ಹುಡುಗನೊಬ್ಬ ಬಾಟಲಿಯಿಂದ ಎದೆಗೆ, ಕತ್ತಿಗೆ ನೀರು ಸುರಿದುಕೊಳ್ಳುತ್ತಿದ್ದಾನೆ. ಜಾರದಿರಲೆಂದು ಕೂರಿಸಿದ ಅಡ್ಡಪಟ್ಟಿ ಕಲ್ಲುಗಳ ಮೇಲೆ ಅವನ ಒದ್ದೆ ಹೆಜ್ಜೆ. ಪಕ್ಕದಲ್ಲಿ ಅವನ ಜೊತೆಗಾರ ಪ್ರವಾಸಿಗರಿಂದ ಎತ್ತಿದ ದುಡ್ಡು ಎಣಿಸುತ್ತಿದ್ದಾನೆ. ಸಾಕಷ್ಟು ದುಡ್ಡು ಕೂಡುವ ತನಕ ಅವರು ಹಾರುವುದಿಲ್ಲ, ಕಟ್ಟೆ ಹತ್ತಿ ಹತ್ತಿ ಇಳಿಯುತ್ತಾರೆ. ಇವನ ಕಣ್ಣು ದುಡ್ಡಿನ ಮೇಲಿಲ್ಲ, ಕೆಳಗಿನ ನೀರಿನ ಮೇಲಿದೆ. ನಡುಬೇಸಿಗೆಯಲ್ಲೂ ಕೊರೆಯುವ ನೀರದು. ಮೈ ಮೊದಲೇ ತಣ್ಣಗಾಗದಿದ್ದರೆ ಬಿದ್ದ ಕೂಡಲೇ ಉಸಿರು ಕಟ್ಟುತ್ತದೆ.

ಅದನ್ನು ನೋಡಿ ಚಿಂತಾಮಣಿ ಕಡೆಯ ನಮ್ಮ ತೋಟದ ಕಪಿಲೆ ಬಾವಿ ನೆನಪಾಯಿತು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತೆವು. ಬುರುಡೆ ಬಿಚ್ಚಿದ ಮೊದಲ ದಿನ ಬಾವಿಯಂಚಿನ ಕಲ್ಲಿನ ಮೇಲೆ ನಿಂತು ನಾನೂ ಹೀಗೇ ಎದೆಗೆ ನೀರು ತಟ್ಟಿಕೊಂಡಿದ್ದೆ. ಕೆಳಗಿಂದ ಅಣ್ಣಂದಿರು ಬೈಯುತ್ತಿದ್ದರು. ಈಗ ಆ ಬಾವಿಯಲ್ಲಿ ಜಾಲಿ ಬೆಳೆದಿದೆ, ನೀರು ಬೋರ್‌ವೆಲ್‌ನ ಪಾಲು.

ಏಳನೆಯದನ್ನು ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟಕ್ಕೆ ಹಾಕುತ್ತೇವೆ. ವಾಲಿದ್ದನ್ನು ನೇರ ಮಾಡುವುದಿಲ್ಲ. ಬಲಗಡೆ ಮುಖ ಕಾಣುವ ಪುಟ್ಟ ಮಗುವನ್ನು ಮಾತ್ರ ಕತ್ತರಿಸುತ್ತೇವೆ, ಅದರ ಅಪ್ಪ ಅಮ್ಮನನ್ನು ನೀವು ಕೇಳಿರಲಿಕ್ಕಿಲ್ಲ. ವಾಟ್ಸಾಪ್‌ನಲ್ಲಿ ಬಂದದ್ದು ಅಚ್ಚಿಗೆ ಸಾಲದು. ಮಗಳ ಕ್ಯಾಮೆರಾದಲ್ಲಿ ಮೂಲ ಫೈಲ್ ಇದ್ದರೆ ಇದೇ ಶನಿವಾರದೊಳಗೆ ಇಮೇಲ್ ಮಾಡಿಸಿ.

— ಸಂ.